ಪಾರ್ಕಿನ್ಸನ್ ಕಾಯಿಲೆ: ಜೊಲ್ಲು ಸೋರುವುದೇಕೆ, ಮಾಡುವುದೇನು?

ಕೆಲವು ತಿಂಗಳ ಹಿಂದೆ ನಿವೃತ್ತ ಉಪಾಧ್ಯಾಯರೊಬ್ಬರನ್ನು ಅವರ ಮಗ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ವಯಸ್ಸು 68. ಐದು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆ. ಬಲಗೈಯ ನಡುಕ ಮಾತ್ರೆಯಿಂದ ಹತೋಟಿಯಲ್ಲಿತ್ತು. ನಿಧಾನವಾಗಿಯಾದರೂ ಒಬ್ಬರೇ ನಡೆದಾಡುತ್ತಿದ್ದರು. ಆದರೆ ಈಚೆಗೆ ಎರಡು ಮದುವೆ, ಒಂದು ಗೃಹಪ್ರವೇಶ ಎಲ್ಲಕ್ಕೂ "ನೀವೇ ಹೋಗಿ ಬನ್ನಿ" ಎಂದು ಮನೆಯಲ್ಲೇ ಉಳಿದುಬಿಟ್ಟಿದ್ದರಂತೆ. "ಮಂಕಾಗಿದ್ದಾರೆ, ನಿದ್ದೆಗೋ ಶಕ್ತಿಗೋ ಏನಾದರೂ ಬರೆದುಕೊಡಿ" ಎಂಬುದು ಮಗನ ಬೇಡಿಕೆ. ನನ್ನೆದುರು ಕುಳಿತಿದ್ದ ಹಿರಿಯರು ಮಡಿಸಿದ ಟವೆಲನ್ನು ಬಾಯಿಗೆ ಒತ್ತಿ ಹಿಡಿದುಕೊಂಡಿದ್ದರು. ಮಗನನ್ನು ಹೊರಗೆ ಕಳಿಸಿ ವಿಚಾರಿಸಿದಾಗ ಮೆಲ್ಲಗೆ ಹೇಳಿದರು. ಸಂಬಂಧಿಕರ ಮನೆಯ ಊಟದ ಪಂಕ್ತಿಯಲ್ಲಿ ಅವರ ಬಾಯಿಂದ ಜೊಲ್ಲು ಎಲೆಯ ಮೇಲೆ ಬಿತ್ತು. ಪಕ್ಕದಲ್ಲಿದ್ದವರು ಏನೂ ಅನ್ನಲಿಲ್ಲ, ತಮ್ಮ ಎಲೆಯನ್ನು ಸ್ವಲ್ಪ ಆಚೆಗೆ ಸರಿಸಿಕೊಂಡರು, ಅಷ್ಟೆ.

"ಮೂವತ್ತೈದು ವರ್ಷ ಪಾಠ ಹೇಳಿದ ಬಾಯಿ ಡಾಕ್ಟ್ರೇ ಇದು" ಎಂದರು.

ಪಾರ್ಕಿನ್ಸನ್ ಕಾಯಿಲೆ ಅಥವಾ ನಮ್ಮಲ್ಲಿ ಕೆಲವರು ಅದುರುವಾಯು ಎಂದು ಕರೆಯುವ ಈ ರೋಗದ ಹೆಸರೆತ್ತಿದೊಡನೆ ಎಲ್ಲರಿಗೂ ನೆನಪಾಗುವುದು ಕೈ ನಡುಗುವುದು. ಜೊಲ್ಲು ಸೋರುವುದೂ ಇದೇ ರೋಗದ ಲಕ್ಷಣ ಎಂದು ತಿಳಿದವರು ಕಡಿಮೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ರೋಗಿಗಳನ್ನು ಕುರಿತು ಬರೆದ ಪ್ರಬಂಧದಲ್ಲೇ ಬಾಯಿಂದ ಜೊಲ್ಲು ಹರಿಯುವುದನ್ನು ಗುರುತಿಸಿದ್ದಾನೆ. ಅಂದರೆ ವೈದ್ಯರಿಗೆ ಇದು ತಿಳಿದು 200 ವರ್ಷ ದಾಟಿದೆ. ಆದರೂ ರೋಗಿ ನಾಚಿಕೆಯಿಂದ ಹೇಳುವುದಿಲ್ಲ, ಅವಸರದಲ್ಲಿರುವ ವೈದ್ಯರು ಕೇಳುವುದಿಲ್ಲ. ಮನೆಯವರು ವಯಸ್ಸಾಯಿತು ಎಂದುಕೊಂಡು ಸುಮ್ಮನಾಗುತ್ತಾರೆ.

ಜೊಲ್ಲು ಹೆಚ್ಚಾಗಿದೆಯೆ?

ಬಾಯಿಂದ ಸುರಿಯುತ್ತಿರುವುದನ್ನು ಕಂಡಾಗ ಜೊಲ್ಲು ವಿಪರೀತ ಉತ್ಪತ್ತಿಯಾಗುತ್ತಿದೆ ಎಂದು ಭಾವಿಸುವುದು ಸಹಜ. ನಿಜ ಸಂಗತಿ ಬೇರೆ. ಪಾರ್ಕಿನ್ಸನ್ ರೋಗಿಗಳಲ್ಲಿ ಜೊಲ್ಲಿನ ಪ್ರಮಾಣವನ್ನು ಅಳೆದು ನೋಡಿದಾಗ ಅದು ಇತರರಷ್ಟೇ ಇರುವುದು, ಎಷ್ಟೋ ಮಂದಿಯಲ್ಲಿ ಇನ್ನೂ ಕಡಿಮೆಯೇ ಇರುವುದು ಕಂಡುಬಂದಿದೆ. ಕೊರತೆ ಇರುವುದು ನುಂಗುವುದರಲ್ಲಿ.

ಕಿವಿಯ ಮುಂದೆ, ದವಡೆಯ ಕೆಳಗೆ ಮತ್ತು ನಾಲಗೆಯ ಅಡಿಯಲ್ಲಿ ಒಟ್ಟು ಮೂರು ಜೊತೆ ದೊಡ್ಡ ಜೊಲ್ಲುಗ್ರಂಥಿಗಳಿವೆ. ಆರೋಗ್ಯವಂತನಲ್ಲಿ ಇವೆಲ್ಲ ಸೇರಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲನ್ನು ಸ್ರವಿಸುತ್ತವೆ. ಅಷ್ಟೆಲ್ಲ ಎಲ್ಲಿ ಹೋಗುತ್ತದೆ? ನಮಗೆ ಅರಿವಿಲ್ಲದೆಯೇ ನಾವು ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ಅದನ್ನು ನುಂಗುತ್ತಿರುತ್ತೇವೆ. ಈ ವಾಕ್ಯ ಓದುವಾಗ ನೀವೂ ಒಮ್ಮೆ ನುಂಗಿರಬಹುದು.

ಈ ಅರಿವಿಲ್ಲದೆ ನಡೆಯುವ ಕೆಲಸಗಳಿಗೇ ಪಾರ್ಕಿನ್ಸನ್ ಕಾಯಿಲೆ ಕೈಹಾಕುತ್ತದೆ. ನಡುಮಿದುಳಿನಲ್ಲಿ ಕಪ್ಪಗೆ ಕಾಣುವ ಒಂದು ಸಣ್ಣ ಪ್ರದೇಶದ ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಈ ಕೋಶಗಳು ಸಾಯುತ್ತ ಹೋದಂತೆ ಚಲನೆಗಳು ನಿಧಾನವಾಗುತ್ತವೆ, ತಾವಾಗಿಯೇ ನಡೆಯಬೇಕಾದ ಚಲನೆಗಳು ವಿರಳವಾಗುತ್ತವೆ. ನಡೆಯುವಾಗ ಕೈ ಬೀಸುವುದು ನಿಲ್ಲುತ್ತದೆ, ಕಣ್ಣು ಮಿಟುಕಿಸುವುದು ಕಡಿಮೆಯಾಗುತ್ತದೆ, ಜೊಲ್ಲು ನುಂಗುವುದು ಮರೆತುಹೋಗುತ್ತದೆ. ಇದರ ಜೊತೆಗೆ ಬೆನ್ನು ಕುತ್ತಿಗೆ ಬಾಗಿ ಮುಖ ನೆಲದತ್ತ ತಿರುಗಿರುತ್ತದೆ. ಮುಖದ ಸ್ನಾಯುಗಳು ಬಿಗಿದು ತುಟಿಗಳು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ನಾಲಗೆ ಜೊಲ್ಲನ್ನು ಹಿಂದಕ್ಕೆ ತಳ್ಳುವ ಬಲ ಕಳೆದುಕೊಂಡಿರುತ್ತದೆ. ತುಂಬಿದ ಬಟ್ಟಲನ್ನು ಬಗ್ಗಿಸಿ ಹಿಡಿದರೆ ಸುರಿಯದೆ ಇರುತ್ತದೆಯೆ?

ತೆರೆದ ಬಾಯಿ, ಭಾವವಿಲ್ಲದ ಮುಖ, ಸೋರುವ ಜೊಲ್ಲು ಇವನ್ನು ನೋಡಿ ರೋಗಿಗೆ ಬುದ್ಧಿ ಮಂಕಾಗಿದೆ ಎಂದು ತೀರ್ಮಾನಿಸುವವರಿದ್ದಾರೆ. ಅವರೆದುರೇ ಅವರ ಬಗ್ಗೆ ಮಾತಾಡುತ್ತಾರೆ, ಮಗುವಿಗೆ ಹೇಳುವಂತೆ ಗಟ್ಟಿಯಾಗಿ ಹೇಳುತ್ತಾರೆ. ಪಾರ್ಕಿನ್ಸನ್ ರೋಗಿಗಳಲ್ಲಿ ಕೆಲವರಿಗೆ ವರ್ಷಗಳು ಕಳೆದಂತೆ ಮರೆವು ಬರುವುದುಂಟು, ನಿಜ. ಆದರೆ ಮುಖ ಹೇಳುವುದನ್ನು ನಂಬಬಾರದು. ನಮ್ಮ ಮೇಷ್ಟರು ಪಕ್ಕದವರ ಎಲೆ ಎಷ್ಟು ಸರಿಯಿತು ಎಂಬುದನ್ನೂ ಗಮನಿಸಿದ್ದರು.

ಮೊದಲು ಔಷಧಿಯ ಚೀಟಿ ನೋಡಿ

ಚಿಕಿತ್ಸೆಯ ಮಾತಿಗೆ ಮುನ್ನ ರೋಗಿ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರಲ್ಲಿಗೆ ಹೋಗಿ. ತಲೆಸುತ್ತಿಗೆಂದು ಕೊಡುವ ಸಿನ್ನರಿಜಿನ್, ತಲೆನೋವಿಗೆ ಕೊಡುವ ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಹೊಟ್ಟೆಯುಬ್ಬರಕ್ಕೆ ಆಮ್ಲಶಾಮಕದೊಡನೆ ಸೇರಿಸಿ ಮಾರುವ ಲೆವೊಸಲ್ಪಿರೈಡ್ ಇವೆಲ್ಲ ಡೋಪಮಿನ್‌ಗೆ ಅಡ್ಡಿಪಡಿಸಬಲ್ಲವು. ಎಂದೋ ಒಂದು ವಾರಕ್ಕೆಂದು ಬರೆದುಕೊಟ್ಟದ್ದನ್ನು ಅಂಗಡಿಯಿಂದ ತಂದು ವರ್ಷಗಟ್ಟಲೆ ಸೇವಿಸುವ ಹಿರಿಯರನ್ನು ನಾನು ಎಷ್ಟೋ ನೋಡಿದ್ದೇನೆ. ಇವು ಪಾರ್ಕಿನ್ಸನ್ ಇರುವವರಲ್ಲಿ ರೋಗವನ್ನು ಉಲ್ಬಣಗೊಳಿಸುತ್ತವೆ, ಇಲ್ಲದವರಲ್ಲಿಯೂ ಅದೇ ಲಕ್ಷಣಗಳನ್ನು ತರಬಹುದು. ಮಾನಸಿಕ ರೋಗಕ್ಕೆ ಬಳಸುವ ಕ್ಲೋಜಪಿನ್, ಮರೆವಿಗೆ ಕೊಡುವ ಡೊನೆಪೆಜಿಲ್ ಮತ್ತು ರಿವಾಸ್ಟಿಗ್ಮಿನ್ ಜೊಲ್ಲನ್ನೇ ಹೆಚ್ಚಿಸಬಲ್ಲವು. ಹಾಗೆಂದು ಯಾವುದನ್ನೂ ನೀವೇ ನಿಲ್ಲಿಸಬೇಡಿ. ವೈದ್ಯರಿಗೆ ತೋರಿಸಿ ಕೇಳಿ.

ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಔಷಧಿ ಲೆವೊಡೋಪಾ. ಅದರ ಪ್ರಭಾವ ಇಳಿದ ಹೊತ್ತಿನಲ್ಲಿ ಜೊಲ್ಲು ಹೆಚ್ಚು ಸೋರುವುದನ್ನು ಎಷ್ಟೋ ಮನೆಯವರು ತಾವೇ ಕಂಡುಕೊಂಡಿರುತ್ತಾರೆ. ಈ ಮಾತ್ರೆಯನ್ನು ಒಂದು ಲೋಟ ಹಾಲಿನ ಜೊತೆ ಕೊಡುವ ರೂಢಿ ನಮ್ಮಲ್ಲಿದೆ. ಹಾಲು, ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನು ಕರುಳಿನಲ್ಲಿ ಲೆವೊಡೋಪಾದೊಡನೆ ಪೈಪೋಟಿಗೆ ಇಳಿದು ಅದು ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಬರಿಯ ನೀರಿನಲ್ಲಿ ನುಂಗಿದರೆ ಊಟದ ವೇಳೆಗೆ ಬಾಯಿಯ ಸ್ನಾಯುಗಳು ಸ್ವಲ್ಪ ಸಡಿಲವಾಗಿರುತ್ತವೆ. ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಕೈಕಾಲಿನ ಬಿಗಿತಕ್ಕೆ ಬಗ್ಗುವಷ್ಟು ನುಂಗುವ ತೊಂದರೆ ಈ ಮಾತ್ರೆಗೆ ಬಗ್ಗುವುದಿಲ್ಲ.

ನಸುಗುನ್ನಿ ಬೀಜದ ಪುಡಿಯ ಬಗ್ಗೆ ಕೇಳುವವರು ಬಹಳ. ಮೈ ತುರಿಸುವ ಆ ಬಳ್ಳಿಯ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದ್ದರು. ನಿಜವಾಗಿರುವುದರಿಂದಲೇ ಎಚ್ಚರ ಬೇಕು. ಮಾತ್ರೆಯ ಮೇಲೆ ಪುಡಿಯೂ ಸೇರಿದರೆ ಔಷಧಿಯ ಪ್ರಮಾಣ ಎಷ್ಟಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಮರೆತದ್ದನ್ನು ನೆನಪಿಸಬೇಕು

ಪಾರ್ಕಿನ್ಸನ್ ಕಾಯಿಲೆಯ ಒಂದು ವಿಚಿತ್ರವೆಂದರೆ, ತಾನಾಗಿ ನಡೆಯದ ಕೆಲಸವನ್ನು ಮನಸ್ಸಿಟ್ಟು ಮಾಡಿದರೆ ಅದು ನಡೆಯುತ್ತದೆ. ಹೊಸ್ತಿಲ ಬಳಿ ಕಾಲು ಅಂಟಿಕೊಂಡವರಂತೆ ನಿಂತವರು ನೆಲದ ಮೇಲೆ ಗೆರೆ ಎಳೆದರೆ ಅದನ್ನು ದಾಟುತ್ತಾರೆ. ನುಂಗುವುದಕ್ಕೂ ಇದೇ ಉಪಾಯ. ತುಟಿ ಮುಚ್ಚಿ, ಹಲ್ಲುಗಳನ್ನು ಕೂಡಿಸಿ, ನಾಲಗೆಯನ್ನು ಅಂಗಳಕ್ಕೆ ಒತ್ತಿ, ಒಮ್ಮೆ ಬಲವಾಗಿ ನುಂಗು ಎಂದು ತನಗೆ ತಾನೇ ಹೇಳಿಕೊಳ್ಳಬೇಕು. ಮಾತು ಆರಂಭಿಸುವ ಮುನ್ನ ಒಮ್ಮೆ, ಕುರ್ಚಿಯಿಂದ ಏಳುವ ಮುನ್ನ ಒಮ್ಮೆ, ಬಗ್ಗುವ ಮುನ್ನ ಒಮ್ಮೆ.

ನೆನಪಿಸುವವರು ಯಾರು? ಮನೆಯವರು ನಿಮಿಷಕ್ಕೊಮ್ಮೆ "ನುಂಗಿ, ನುಂಗಿ" ಎಂದರೆ ಎರಡೇ ದಿನದಲ್ಲಿ ಜಗಳವಾಗುತ್ತದೆ. ಗೊತ್ತಾದ ಅವಧಿಗೊಮ್ಮೆ ಸಣ್ಣಗೆ ಅದುರುವ ಕೈಗಡಿಯಾರ, ಮೊಬೈಲ್ ಫೋನಿನ ಮೆಲುದನಿಯ ಗಂಟೆ ಇಂಥವು ಉಪಯೋಗಕ್ಕೆ ಬರುತ್ತವೆ. ನಮ್ಮ ಮೇಷ್ಟರಿಗೆ ಗಡಿಯಾರ ಒಗ್ಗಲಿಲ್ಲ. ಅವರು ತಾವೇ ಬೇರೆ ದಾರಿ ಕಂಡುಕೊಂಡರು. ಬೆಳಿಗ್ಗೆ ಪತ್ರಿಕೆ ಓದುವಾಗ ಒಂದೊಂದು ಸುದ್ದಿ ಮುಗಿದಾಗ ಒಮ್ಮೆ, ಟಿ.ವಿ.ಯಲ್ಲಿ ಒಂದೊಂದು ಜಾಹೀರಾತು ಬದಲಾದಾಗ ಒಮ್ಮೆ ನುಂಗುವುದು. ಜಪಸರ ಹಿಡಿಯುವ ಅಭ್ಯಾಸವಿದ್ದವರು ಹತ್ತು ಮಣಿಗೊಮ್ಮೆ ನುಂಗಬಹುದು. ಯಾವುದಾದರೂ ಆದೀತು, ರೋಗಿಯ ದಿನಚರಿಯಲ್ಲಿ ಈಗಾಗಲೇ ಇರುವ ಒಂದಕ್ಕೆ ನುಂಗುವುದನ್ನು ಕಟ್ಟಿಹಾಕಬೇಕು.

ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಜಗಿಯುವುದೂ ನುಂಗುವ ಸಂಖ್ಯೆಯನ್ನು ಹೆಚ್ಚಿಸುತ್ತದೆ. ನಾಲ್ಕು ಜನರ ನಡುವೆ ಹೋಗುವ ಮುನ್ನ ಇದು ಒಳ್ಳೆಯ ಉಪಾಯ. ಆದರೆ ಊಟದಲ್ಲಿ ನೆತ್ತಿಗೇರುವವರಿಗೆ, ಮರೆವು ಇರುವವರಿಗೆ ಇದನ್ನು ಕೊಡಬಾರದು, ಗಂಟಲಿಗೆ ಸಿಕ್ಕಿಕೊಂಡೀತು. ಗಮ್ ಬದಲು ಎಲೆ ಅಡಿಕೆ ಆಗದೆ ಎಂದು ಮಲೆನಾಡಿನ ಕಡೆಯವರು ಕೇಳುತ್ತಾರೆ. ಆಗದು. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಅಂಶ ಜೊಲ್ಲುಗ್ರಂಥಿಗಳನ್ನೇ ಕೆರಳಿಸುತ್ತದೆ. ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದೂ ಈಗ ಸಂದೇಹವಿಲ್ಲದ ವಿಷಯ.

ಕೂರುವ ಭಂಗಿ ಮುಖ್ಯ. ಕುರ್ಚಿಯಲ್ಲಿ ಬೆನ್ನಿಗೆ ದಿಂಬು ಕೊಟ್ಟು, ಟಿ.ವಿ.ಯನ್ನೋ ಪತ್ರಿಕೆಯನ್ನೋ ಕಣ್ಣಿನ ಮಟ್ಟಕ್ಕೆ ತಂದರೆ ಗಲ್ಲ ಎದೆಗೆ ಅಂಟುವುದು ತಪ್ಪುತ್ತದೆ. ಬಾಯನ್ನು ಉಜ್ಜಿ ಉಜ್ಜಿ ಒರೆಸಬೇಡಿ, ಚರ್ಮ ಕಿತ್ತುಬರುತ್ತದೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ತೆಗೆಯಿರಿ. ತುಟಿಯ ಅಂಚಿಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರಿ. ಮೂಲೆಗಳಲ್ಲಿ ಬಿರಿದು ಬೆಳ್ಳಗಾದರೆ ಅದು ಶಿಲೀಂಧ್ರದ ಸೋಂಕಿರಬಹುದು, ಮುಲಾಮು ಬೇಕಾಗುತ್ತದೆ. ಸರಿಯಾಗಿ ಕೂರದ ಕಟ್ಟುಹಲ್ಲು, ಹುಳುಕು, ವಸಡಿನ ಕೀವು ಇವೂ ಜೊಲ್ಲು ಹೆಚ್ಚಿಸುವುದರಿಂದ ಒಮ್ಮೆ ದಂತವೈದ್ಯರಿಗೆ ತೋರಿಸುವುದು ಒಳ್ಳೆಯದು. ಇನ್ನು, ಮಕ್ಕಳಿಗೆ ಕಟ್ಟುವಂಥ ಎದೆಬಟ್ಟೆಯನ್ನು ದಯವಿಟ್ಟು ಕಟ್ಟಬೇಡಿ. ಹೆಗಲ ಮೇಲೊಂದು ಶಲ್ಯವೋ ಟವೆಲೋ ಇದ್ದರೆ ಅದೇ ಕೆಲಸ ಆಗುತ್ತದೆ. ನಮ್ಮ ಕಡೆ ಹಿರಿಯರ ಹೆಗಲ ಮೇಲಿನ ಟವೆಲನ್ನು ಯಾರೂ ತಿರುಗಿ ನೋಡುವುದಿಲ್ಲ.

ಜೊಲ್ಲು ಕಡಿಮೆಯಾಗಲೆಂದು ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ಇದರಿಂದ ಜೊಲ್ಲು ಅಂಟಂಟಾಗಿ ನುಂಗಲು ಇನ್ನೂ ಕಷ್ಟವಾಗುತ್ತದೆ. ಈ ರೋಗಿಗಳಿಗೆ ಮೊದಲೇ ಇರುವ ಮಲಬದ್ಧತೆ, ಎದ್ದು ನಿಂತಾಗ ರಕ್ತದೊತ್ತಡ ಇಳಿಯುವುದು ಎರಡೂ ಹೆಚ್ಚುತ್ತವೆ.

ಹೊರಗೆ ಬೀಳುವುದಕ್ಕಿಂತ ಒಳಗೆ ಇಳಿಯುವುದು ಅಪಾಯ

ಅಂಗಿಯ ಮೇಲೆ ಬಿದ್ದ ಜೊಲ್ಲು ಕಣ್ಣಿಗೆ ಕಾಣುತ್ತದೆ. ಶ್ವಾಸನಾಳಕ್ಕೆ ಇಳಿದದ್ದು ಕಾಣುವುದಿಲ್ಲ. ನುಂಗುವ ಕ್ರಿಯೆ ತಡವಾದಾಗ ಜೊಲ್ಲು ಅಥವಾ ಆಹಾರ ಶ್ವಾಸಕೋಶಕ್ಕೆ ಸೇರಿ ನ್ಯುಮೋನಿಯ ಆಗಬಹುದು. ಪಾರ್ಕಿನ್ಸನ್ ರೋಗಿಗಳ ಮರಣಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಆರೋಗ್ಯವಂತರಿಗೆ ಕೂಡಲೇ ಕೆಮ್ಮು ಬಂದು ಎಚ್ಚರಿಸುತ್ತದೆ, ಇವರಲ್ಲಿ ಆ ಕೆಮ್ಮೂ ಬರದಿರಬಹುದು. ಊಟದ ನಂತರ ಧ್ವನಿ ಗೊರಗೊರ ಎನ್ನುವುದು, ಮತ್ತೆ ಮತ್ತೆ ಕಫ ಜ್ವರ ಬರುವುದು, ಒಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುವುದು, ತೂಕ ಇಳಿಯುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ನಮ್ಮ ಕೆಲವು ಒಳ್ಳೆಯ ರೂಢಿಗಳನ್ನು ಇಲ್ಲಿ ಬಿಡಬೇಕಾಗುತ್ತದೆ. ಲೋಟಕ್ಕೆ ತುಟಿ ತಾಗಿಸದೆ ತಲೆ ಮೇಲೆತ್ತಿ ನೀರು ಸುರಿದುಕೊಳ್ಳುವುದು ಮಡಿ ಎಂದೋ ಶುಚಿ ಎಂದೋ ಬಂದ ಅಭ್ಯಾಸ. ತಲೆ ಹಿಂದಕ್ಕೆ ಚಾಚಿದಾಗ ಶ್ವಾಸನಾಳದ ದಾರಿ ತೆರೆದುಕೊಳ್ಳುತ್ತದೆ. ಪಾರ್ಕಿನ್ಸನ್ ರೋಗಿಗೆ ಇದು ಬಹಳ ಅಪಾಯ. ಮಾತ್ರೆಯನ್ನು ಗಂಟಲಿಗೆ ಎಸೆದುಕೊಂಡು ತಲೆ ಎತ್ತುವುದೂ ಹಾಗೆಯೇ. ಲೋಟಕ್ಕೆ ತುಟಿ ಇಟ್ಟು, ಗಲ್ಲವನ್ನು ತುಸು ಕೆಳಗೆ ತಂದು, ಗುಟುಕು ಗುಟುಕಾಗಿ ಕುಡಿಯಬೇಕು. ಮುದ್ದೆಯನ್ನು ಅಗಿಯದೆ ನುಂಗುವುದು ಮೈಸೂರು, ಮಂಡ್ಯ, ಹಾಸನ ಕಡೆಯ ಪದ್ಧತಿ. ನುಂಗುವ ತೊಂದರೆ ಇದ್ದವರಿಗೆ ಅದೇ ರಾಗಿಯನ್ನು ಗಟ್ಟಿ ಅಂಬಲಿಯ ಹದದಲ್ಲಿ ಕೊಡಿ. ಊಟದ ಹೊತ್ತಿನಲ್ಲಿ ಟಿ.ವಿ. ಆರಿಸಿ, ಮಾತಾಡಿಸಬೇಡಿ. ಊಟವಾದ ಮೇಲೆ ಅರ್ಧ ಗಂಟೆಯಾದರೂ ಕುಳಿತಿರಲಿ. ಮಲಗುವಾಗ ತಲೆಯ ಕಡೆ ಎತ್ತರಿಸಿ, ಒಂದು ಮಗ್ಗುಲಿಗೆ ಮಲಗಲಿ. ದಿನಕ್ಕೆ ಎರಡು ಬಾರಿ ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದನ್ನು ಸೌಂದರ್ಯಕ್ಕಲ್ಲ, ಶ್ವಾಸಕೋಶಕ್ಕಾಗಿ ಮಾಡಬೇಕು. ಬಾಯಿಯ ರೋಗಾಣುಗಳೇ ಜೊಲ್ಲಿನ ಜೊತೆ ಒಳಗಿಳಿಯುತ್ತವೆ.

ನುಂಗುವುದನ್ನು ಮತ್ತೆ ಕಲಿಸುವ ತಜ್ಞರಿದ್ದಾರೆ. ಅವರು ವಾಕ್ ಚಿಕಿತ್ಸಕರು. ತೊದಲುವ ಮಕ್ಕಳಿಗೆ ಮಾತ್ರ ಅವರು ಎಂಬ ತಪ್ಪು ಕಲ್ಪನೆ ಇದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತ್ರವಲ್ಲದೆ ದೊಡ್ಡ ಆಸ್ಪತ್ರೆಗಳಲ್ಲೂ ಇವರು ಸಿಗುತ್ತಾರೆ.

ಒಣಗಿಸುವ ಔಷಧಿಗಳು

ಇಷ್ಟು ಮಾಡಿದರೂ ಸೋರುವುದು ನಿಲ್ಲದಿದ್ದಾಗ ಜೊಲ್ಲನ್ನೇ ಕಡಿಮೆ ಮಾಡುವ ಔಷಧಿಗಳ ಮಾತು ಬರುತ್ತದೆ. ಇವನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ.

ಹತ್ತು ವರ್ಷಗಳ ಹಿಂದಿನ ಮಾತು. 72 ವರ್ಷದ ಅಜ್ಜಿಯೊಬ್ಬರಿಗೆ ಪಾರ್ಕಿನ್ಸನ್ ಇತ್ತು. ಜೊಲ್ಲು ವಿಪರೀತ ಎಂದು ಸೊಸೆ ಬಂದು ಹೇಳಿದಾಗ ನಾನು ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯನ್ನು ಹೆಚ್ಚಿಸಿದೆ. ಮೂರನೆಯ ದಿನ ಫೋನು ಬಂತು, ಜೊಲ್ಲು ನಿಂತಿದೆ ಎಂದು. ನನಗೂ ಸಂತೋಷವಾಯಿತು. ಐದನೆಯ ರಾತ್ರಿ ಅಜ್ಜಿಯನ್ನು ಆಟೋದಲ್ಲಿ ಕರೆತಂದರು. ಹಾಸಿಗೆಯ ಮೇಲಿಲ್ಲದ ಇರುವೆಗಳನ್ನು ಹೆಕ್ಕುತ್ತಿದ್ದರು, ಎಂದೋ ತೀರಿಹೋದ ಗಂಡನನ್ನು ಕೂಗುತ್ತಿದ್ದರು. ಮೂತ್ರ ಕಟ್ಟಿಕೊಂಡು ಹೊಟ್ಟೆ ಉಬ್ಬಿತ್ತು, ನಳಿಕೆ ಹಾಕಬೇಕಾಯಿತು. ಜೊಲ್ಲುಗ್ರಂಥಿಗೆ ಬರುವ ನರಸಂದೇಶವನ್ನು ತಡೆಯುವ ಆ ಔಷಧಿ ಮಿದುಳು, ಮೂತ್ರಕೋಶ, ಕರುಳು ಎಲ್ಲ ಕಡೆಯೂ ಅದೇ ಕೆಲಸ ಮಾಡುತ್ತದೆ. ಓದಿ ತಿಳಿದಿದ್ದ ವಿಷಯವೇ. ವಯಸ್ಸಾದವರಲ್ಲಿ ಅದು ಎಷ್ಟು ಬೇಗ ಮಿದುಳಿಗೇರುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಅಜ್ಜಿ ಕೆಲವು ದಿನಗಳಲ್ಲಿ ಸರಿಹೋದರು. ಜೊಲ್ಲೂ ಮರಳಿತು.

ಗ್ಲೈಕೋಪೈರೊಲೇಟ್ ಎಂಬ ಮಾತ್ರೆ ಮಿದುಳಿಗೆ ಸುಲಭವಾಗಿ ಪ್ರವೇಶಿಸುವುದಿಲ್ಲವಾದ್ದರಿಂದ ನರತಜ್ಞರು ಈಗ ಅದನ್ನು ಅಲ್ಪ ಪ್ರಮಾಣದಲ್ಲಿ ಕೊಡುವುದುಂಟು. ಆದರೂ ಪ್ರಾಸ್ಟೇಟ್ ತೊಂದರೆ, ಗ್ಲಾಕೋಮ, ತೀವ್ರ ಮಲಬದ್ಧತೆ ಇರುವವರು ಮುಂಚೆಯೇ ಹೇಳಬೇಕು. ಅಟ್ರೋಪಿನ್ ಕಣ್ಣಿನ ಹನಿಯನ್ನು ನಾಲಗೆಯ ಕೆಳಗೆ ಒಂದೆರಡು ತೊಟ್ಟು ಹಾಕುವ ಪದ್ಧತಿಯೂ ಇದೆ. ಅದೂ ಅಜ್ಜಿಗಾದಂಥ ಭ್ರಮೆಯನ್ನು ತರಬಲ್ಲದು. ನೆರೆಮನೆಯವರ ಮಾತು ಕೇಳಿ ಅಂಗಡಿಯಿಂದ ತರುವ ಔಷಧಿ ಅದಲ್ಲ.

ಇವಕ್ಕಿಂತ ಮೇಲಾದದ್ದು ಬೊಟುಲಿನಮ್ ವಿಷದ ಚುಚ್ಚುಮದ್ದು. ಕೆಟ್ಟ ಡಬ್ಬಿ ಆಹಾರದಲ್ಲಿ ಪ್ರಾಣಾಂತಕವಾಗುವ ವಿಷವನ್ನೇ ಅತ್ಯಲ್ಪ ಪ್ರಮಾಣದಲ್ಲಿ ಕಿವಿಯ ಮುಂದಿನ ಮತ್ತು ದವಡೆಯ ಕೆಳಗಿನ ಗ್ರಂಥಿಗಳಿಗೆ ಚುಚ್ಚುತ್ತಾರೆ. ಗ್ರಂಥಿಗೆ ಬರುವ ಸಂದೇಶ ಅಲ್ಲಿಯೇ ತಡೆಯಲ್ಪಡುತ್ತದೆ, ಮಿದುಳಿಗೆ ತೊಂದರೆಯಿಲ್ಲ. ಪರಿಣಾಮ ಸುಮಾರು ಮೂರು ನಾಲ್ಕು ತಿಂಗಳು ಇರುತ್ತದೆ, ಆಮೇಲೆ ಮತ್ತೆ ಚುಚ್ಚಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ವಯಸ್ಕರ ಜೊಲ್ಲು ಸೋರುವಿಕೆಗೆ ಈ ಬಗೆಯ ಚುಚ್ಚುಮದ್ದನ್ನು ಮೊದಲ ಬಾರಿಗೆ ಒಪ್ಪಿದ್ದು 2018ರಲ್ಲಿ. ನಮ್ಮಲ್ಲಿ ದೊಡ್ಡ ಊರುಗಳಲ್ಲಿ ಇದನ್ನು ಮಾಡುವವರಿದ್ದಾರೆ. ಬೆಲೆ ಹೆಚ್ಚು. ಅಳತೆ ತಪ್ಪಿ ಪಕ್ಕದ ಸ್ನಾಯುಗಳಿಗೆ ಹರಡಿದರೆ ನುಂಗುವುದೇ ಕಷ್ಟವಾಗುವುದರಿಂದ ಕೈಪಳಗಿದವರಲ್ಲಿಯೇ ಮಾಡಿಸಬೇಕು.

ನಮ್ಮ ಮೇಷ್ಟರಿಗೆ ಚುಚ್ಚುಮದ್ದು ಬೇಕಾಗಲಿಲ್ಲ. ಅವರ ಚೀಲದಲ್ಲಿ ತಲೆಸುತ್ತಿನ ಒಂದು ಹಳೆಯ ಮಾತ್ರೆ ಸಿಕ್ಕಿತು. ಅದನ್ನು ನಿಲ್ಲಿಸಿದೆವು, ಹಾಲಿನ ಲೋಟವನ್ನು ಲೆವೊಡೋಪಾದಿಂದ ದೂರ ಮಾಡಿದೆವು. ನುಂಗುವ ಅಭ್ಯಾಸ ಎರಡು ತಿಂಗಳು ಹಿಡಿಯಿತು. ಕಳೆದ ತಿಂಗಳು ತಂಗಿಯ ಮೊಮ್ಮಗನ ನಾಮಕರಣಕ್ಕೆ ಹೋಗಿ ಬಂದಿದ್ದಾರೆ, ಪಂಕ್ತಿಯ ತುದಿಯಲ್ಲಿ ಮಗನ ಪಕ್ಕ ಕುಳಿತಿದ್ದರಂತೆ. ಸಂಜೆ ಆರರ ಸುಮಾರಿಗೆ ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿನಲ್ಲಿ ಈಗಲೂ ಸೋರುತ್ತದೆ. ಆ ಹೊತ್ತಿನ ಮಾತ್ರೆಯನ್ನು ಅರ್ಧ ಗಂಟೆ ಹಿಂದಕ್ಕೆ ತಂದು ನೋಡುತ್ತಿದ್ದೇವೆ.